ತೆರೆಯ ಬಲ ಮೂಲೆಯ ಆ ಚುಕ್ಕೆ ಏನು?

ಗಾಂಧಿಕ್ಲಾಸ್ ಗಿರಾಕಿ:
ಹಳೆಯ ಕಪ್ಪು-ಬಿಳುಪು ಚಿತ್ರ ನೋಡುವಾಗೆಲ್ಲ ನನ್ನ ಕಣ್ಣು ನಾಯಕಿಯನ್ನು ಬಿಟ್ಟು ತೆರೆಯ ಮೇಲಿನ ಬಲ ಮೂಲೆಗೆ ಹೋಗುತ್ತದೆ. ಅಲ್ಲೊಂದು ದುಂಡನೆಯ ಚುಕ್ಕೆ ಮಿಂಚಿ ಮಾಯವಾಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಅದು ಬೀಡಿಯ ಕಿಡಿ ತಾಗಿ ಸುಟ್ಟ ತೂತು ಎಂದು ಅಣ್ಣ ನಂಬಿಸಿದ್ದ. ನಿಜವೇ?

ರೀಲು ಸುತ್ತಿದವನು:
ನಿಮ್ಮಣ್ಣ ಚೆನ್ನಾಗಿಯೇ ಕಿವಿಗೆ ಹೂವಿಟ್ಟಿದ್ದಾರೆ! ಅದು ಪ್ರೊಜೆಕ್ಟರ್ ನಡೆಸುವ ಆಪರೇಟರನಿಗೆ ಸನ್ನೆ. 2000 ಅಡಿಯ ರೀಲು ಸುಮಾರು 22 ನಿಮಿಷದಲ್ಲಿ ಮುಗಿಯುತ್ತಿತ್ತು, ಮುಂದಿನ ರೀಲು ಪಕ್ಕದ ಪ್ರೊಜೆಕ್ಟರಿನಲ್ಲಿ ಸಿದ್ಧವಿರುತ್ತಿತ್ತು. ಮೊದಲ ಚುಕ್ಕೆಗೆ ಆ ಪ್ರೊಜೆಕ್ಟರಿನ ಮೋಟಾರು ಹಾಕಬೇಕಿತ್ತು. ಏಳು ಸೆಕೆಂಡಿನ ನಂತರ ಬರುವ ಎರಡನೆಯದಕ್ಕೆ ಬೆಳಕನ್ನು ಅತ್ತ ಹೊರಳಿಸಬೇಕಿತ್ತು. ಒಂದೊಂದು ಚುಕ್ಕೆಯ ಆಯುಸ್ಸು ನಾಲ್ಕೇ ಫ್ರೇಮು. ಕ್ಯಾಬಿನ್‌ನಲ್ಲಿ ಸಹಾಯಕನಾಗಿದ್ದಾಗ ಪ್ರೊಜೆಕ್ಟರಿಗೆ ಬೆಳಕು ಕೊಡಲು ಉರಿಯುವ ಕಾರ್ಬನ್ ಕಡ್ಡಿಗಳ ಅಂತರ ಸರಿಪಡಿಸುತ್ತಾ ಒಮ್ಮೆ ಚುಕ್ಕೆ ತಪ್ಪಿಸಿಕೊಂಡೆ. ತೆರೆ ಬೆಳ್ಳಗಾಯಿತು. ಕೆಳಗಿನಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಟೆಂಟಿನ ಮರಳು:
ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಇದ್ದದ್ದೇ ಒಂದು ಪ್ರೊಜೆಕ್ಟರ್. ರೀಲು ಮುಗಿದರೆ ದೀಪ ಹತ್ತುತ್ತಿತ್ತು, ಕಡಲೆಕಾಯಿಯವನು ಒಳಗೆ ಬರುತ್ತಿದ್ದ. ಚುಕ್ಕೆ ಕಂಡ ಕೂಡಲೇ ನಾವು ಚಿಲ್ಲರೆ ತೆಗೆಯುತ್ತಿದ್ದೆವು. ಉರಿದುಳಿದ ಕಾರ್ಬನ್ ತುಂಡಿಗೆ ತಾಮ್ರದ ಹೊದಿಕೆ ಇರುತ್ತಿತ್ತಲ್ಲ, ಅದಕ್ಕಾಗಿ ನಾವು ಕಿತ್ತಾಡಿದ್ದೇವೆ.

ಗಾಂಧಿಕ್ಲಾಸ್ ಗಿರಾಕಿ:
ಧನ್ಯವಾದ. ಈಗಲೇ ಅಣ್ಣನಿಗೆ ಫೋನು ಮಾಡುತ್ತೇನೆ. ಅಂದಹಾಗೆ, ಆ ತಾಮ್ರದ ತುಂಡು ನನ್ನ ಮೇಜಿನ ಖಾನೆಯಲ್ಲೂ ಒಂದಿದೆ.