ಸೂರ್ಯಕಾಂತಿ ಜೊಳ್ಳು, ಮನೆಯಲ್ಲೊಬ್ಬಳು ಪತ್ತೇದಾರಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ್ರೀ. ಗದಗ ಹತ್ತಿರ ನಮ್ಮದು ಎರೆ ಹೊಲ. ಅಜ್ಜನ ಕಾಲದಿಂದ ಪ್ರತಿ ವರ್ಷ 4 ಸಾಲು ಸೂರ್ಯಕಾಂತಿ ಹಾಕುತ್ತೇವೆ. ಮಾರಲಿಕ್ಕಲ್ಲ, ಸುಮ್ನೆ ಖುಷಿಗೆ. ಈ ಸಲ ತೆನೆ ದೊಡ್ಡದು, ನಡುವಿನ ಕಾಳೆಲ್ಲ ಜೊಳ್ಳು. ಗಿಳಿ ಕಾಟವಲ್ಲ, ಸಿಪ್ಪೆ ಬಿದ್ದಿಲ್ಲ. 10 ವರ್ಷದ ಮಗಳು ಭೂತಗನ್ನಡಿ ಹಿಡಿದು ತನಿಖೆ ಮಾಡಿ, "ಜೇನುಹುಳ ಕಾಣೆಯಾಗಿವೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಇದ್ದರೂ ಇರಬಹುದು. ಹೂ ಬಿಟ್ಟಾಗಲೇ ಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದರು.

ಬೆಳಗ್ಗೆ ಹೂವಿನ ಮೇಲೆ ಮೆತ್ತನೆ ಬಟ್ಟೆ ಸವರಿದರೆ ಕಾಳು ಕಟ್ಟುತ್ತದಂತೆ. ಯಾರಾದರೂ ಮಾಡಿದ್ದೀರಾ? ಎಷ್ಟು ದಿನ ಸವರಬೇಕು?

ಹಾಗೇ ಕನ್ನಡದಲ್ಲಿ ಮಕ್ಕಳ ಪತ್ತೇದಾರಿ ಕಾದಂಬರಿಗಳಿದ್ದರೆ ಹೆಸರು ಹೇಳಿ. ಮನೆಯಲ್ಲಿದ್ದವನ್ನು ಎರಡೆರಡು ಸಲ ಓದಿದ್ದಾಳೆ. ಕೊಲೆ ಬೇಡ್ರೀ, ಕಳ್ಳತನ ಸಾಕು. ಶನಿವಾರ ಧಾರವಾಡಕ್ಕೆ ಹೋಗುತ್ತೇನೆ, ಸುಭಾಸ ರಸ್ತೆಯಲ್ಲಿ ಹುಡುಕುತ್ತೇನೆ.