ಆ್ಯಪ್ ಸಾಲ ಕೊಡಲಿಲ್ಲ, ಕಾರಣವೂ ಹೇಳಲಿಲ್ಲ. ಕೇಳುವುದು ಯಾರನ್ನು?

ಪ್ರಶ್ನೆ (ಮಲ್ಪೆಯಿಂದ):
ಮೇಡಂ, ನಮ್ಮಮ್ಮ 20 ವರ್ಷದಿಂದ ಮೀನು ಮಾರುತ್ತಾರೆ. ಐಸ್ ಪೆಟ್ಟಿಗೆ ಸಾಲುವುದಿಲ್ಲ, ಒಂದು ಫ್ರೀಜರ್ ತೆಗೆಯೋಣ ಅಂತ ಸಾಲದ ಆ್ಯಪ್ ಒಂದರಲ್ಲಿ 60,000 ರೂಪಾಯಿಗೆ ಅರ್ಜಿ ಹಾಕಿದೆವು. ಎರಡು ನಿಮಿಷದಲ್ಲಿ 'ಸದ್ಯ ನಿಮಗೆ ಅರ್ಹತೆ ಇಲ್ಲ' ಅಂತ ಬಂತು. ಅಷ್ಟೇ. ಅಮ್ಮನಿಗೆ ಐಸ್ ಕೊಡುವವರಿಗೆ ಅದೇ ಆ್ಯಪ್‌ನಲ್ಲಿ ಸಾಲ ಸಿಕ್ಕಿದೆ. ಹೆಂಗಸು ಅಂತಲಾ, ಜಾತಿ ನೋಡಿಯಾ? ಎಐ ಹೀಗೆ ಮಾಡಬಾರದು ಅಂತ ಕಾನೂನು ಉಂಟಾ?

ಉತ್ತರ:
ಯಾರು ಸಾಲ ತೀರಿಸಿಯಾರು ಅಂತ ಅಂದಾಜು ಮಾಡಿ ಅಂಕ (ಸ್ಕೋರ್) ಹಾಕುವ ಕಂಪ್ಯೂಟರ್ ಮಾಡೆಲ್‌ಗಳ ಕೆಲಸದಲ್ಲಿ ನಾನು ಒಂಬತ್ತು ವರ್ಷ ಇದ್ದವಳು. ಈಗ ಮಂಗಳೂರಿನಲ್ಲಿ ಅಂಥ ಮಾಡೆಲ್‌ಗಳ ತಪಾಸಣೆ ಮಾಡುತ್ತೇನೆ. ಹೊರಗೆ ನಿಂತು 'ಹೆಂಗಸು ಅಂತಲೇ ಕೊಡಲಿಲ್ಲ' ಎಂದು ಹೇಳಲಾರೆ. ಜಾತಿಯ ಕಾಲಂ ಅದರಲ್ಲಿ ಇರುವುದು ಅನುಮಾನ. ಆದರೆ ಕಾಲಂ ಇಲ್ಲದಿದ್ದರೂ ಭೇದಭಾವ ನುಸುಳುತ್ತದೆ.

ಅಮ್ಮನ ಖಾತೆಯನ್ನು ಕಂಪ್ಯೂಟರ್ ನೋಡುವ ಹಾಗೆ ಒಮ್ಮೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಖಾತೆ ಖಾಲಿ. ಉಳಿದ ಹತ್ತು ತಿಂಗಳೂ ವ್ಯಾಪಾರ ಜಾಸ್ತಿ ನಗದಿನಲ್ಲೇ. ಕ್ಯೂಆರ್ ಕೋಡ್ ಇದ್ದರೂ ಎಷ್ಟೋ ಕಡೆ ಅದು ಮಕ್ಕಳ ಹೆಸರಲ್ಲಿರುತ್ತದೆ. ಮಾಡೆಲ್ ಕಲಿಯುವುದು ಹಳೆಯ ಸಾಲಗಾರರ ಲೆಕ್ಕದಿಂದ. ಅವರಲ್ಲಿ ತಿಂಗಳ ಸಂಬಳದವರೇ ಜಾಸ್ತಿ ಇದ್ದರೆ, ಎರಡು ತಿಂಗಳು ದುಡ್ಡು ಬರಲಿಲ್ಲ ಅಂದರೆ ಅದರ ಲೆಕ್ಕದಲ್ಲಿ ಕೆಲಸ ಹೋಯಿತು ಅಂತ. ಮಳೆಗಾಲದ ರಜೆ ಅಂತ ಮಲ್ಪೆಯ ಮಕ್ಕಳಿಗೂ ಗೊತ್ತು, ಅದಕ್ಕೆ ಗೊತ್ತಿಲ್ಲ. 'ಮೀನು ಮಾರುವ ಹೆಂಗಸರಿಗೆ ಕೊಡಬೇಡ' ಅಂತ ಯಾರೂ ಬರೆದಿಲ್ಲ. ಆದರೂ ಕೊನೆಗೆ ಆಗುವುದು ಅದೇ.

ಅಮೆಜಾನ್ ಕಂಪನಿಯಲ್ಲಿ ಹೀಗೇ ಆಗಿತ್ತು, 2018ರಲ್ಲಿ ಸುದ್ದಿಯಾಯಿತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ಕೊಟ್ಟು, ಕೆಲಸಕ್ಕೆ ಜನ ಆರಿಸುವ ಮಾಡೆಲ್ ಕಟ್ಟಿದರು. ಆ ಅರ್ಜಿಗಳಲ್ಲಿ ಗಂಡಸರದ್ದೇ ಜಾಸ್ತಿ. 'ಮಹಿಳಾ ಚೆಸ್ ಕ್ಲಬ್' ಎಂಬಂಥ ಮಾತು ಕಂಡರೂ ಅದು ಅಂಕ ಕಳೆಯಿತು. ಕೊನೆಗೆ ಕಂಪನಿ ಅದನ್ನು ಕೈಬಿಟ್ಟಿತು.

ಕಾನೂನಿನ ವಿಷಯ: ನಮ್ಮಲ್ಲಿ ಎಐಗೆಂದೇ ಕಾನೂನು ಇಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಎಐ ಮಾರ್ಗಸೂಚಿ ಸದ್ಯಕ್ಕೆ ಬೇರೆ ಕಾನೂನು ಬೇಡ ಎಂದಿತು. ಸಂವಿಧಾನದ 15ನೇ ವಿಧಿಯ ಮೊದಲ ಮಾತು ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ಲಿಂಗ, ಜಾತಿ, ಧರ್ಮ ನೋಡಿ ಸಾಲದಲ್ಲಿ ಭೇದ ಮಾಡಬಾರದು ಎಂದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಸಾಬೀತು ಮಾಡುವುದು ಹೇಗೆ? ಲೆಕ್ಕ ಪೂರ್ತಿ ಅವರ ಕೈಯಲ್ಲೇ ಉಂಟಲ್ಲ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿನ ಎಐ ಕಾಯ್ದೆ ಹಿಡಿದದ್ದು ಇದೇ ಗಂಟನ್ನು. ಸಾಲದ ಸ್ಕೋರ್, ಕೆಲಸಕ್ಕೆ ಆಯ್ಕೆ ಎರಡನ್ನೂ ಅದು 'ಹೆಚ್ಚು ಅಪಾಯ'ದ ಪಟ್ಟಿಗೆ ಸೇರಿಸಿದೆ. ಪರೀಕ್ಷೆ ಮಾಡಿ ತೋರಿಸುವ ಹೊಣೆಯನ್ನು ಕಂಪನಿಯ ಮೇಲೆ ಹಾಕಿದೆ.

ಪ್ರಶ್ನೆ (ಸುರತ್ಕಲ್‌ನ ಇಂಜಿನಿಯರಿಂಗ್ ವಿದ್ಯಾರ್ಥಿ):
ಅಕ್ಕ, ಹೆಸರು, ಲಿಂಗ, ಊರು ಎಲ್ಲ ತೆಗೆದುಬಿಟ್ಟರೆ ಮುಗೀತಲ್ವಾ?

ಉತ್ತರ:
ಮುಗಿಯುವುದಿಲ್ಲ ಮಾರಾಯ. ನಮ್ಮ ಕಡೆ ಕುಂದರ್, ಪೂಜಾರಿ, ಡಿಸೋಜ ಅಂದರೆ ಸಾಕು, ಅರ್ಧ ಜಾತಕ ಬಂತು. ಅದನ್ನು ತೆಗೆದರೂ ಪಿನ್‌ಕೋಡ್, ಫೋನಿನ ಮಾಡೆಲ್, ರೀಚಾರ್ಜ್ ಮಾಡುವ ರೀತಿ ಅದೇ ಕಥೆ ಹೇಳುತ್ತವೆ. ಇನ್ನೊಂದು ತಮಾಷೆ ಕೇಳು. ಲಿಂಗದ ಮಾಹಿತಿ ಪೂರ್ತಿ ಅಳಿಸಿದರೆ ನನ್ನಂಥವಳಿಗೆ ಪರೀಕ್ಷೆ ಮಾಡಲಿಕ್ಕೇ ಆಗುವುದಿಲ್ಲ! ಅದನ್ನು ಮಾಡೆಲ್‌ಗೆ ಕೊಡದೆ ಬೇರೆ ಇಟ್ಟುಕೊಂಡು ಫಲಿತಾಂಶ ಎಣಿಸಬೇಕು. 100 ಗಂಡಸರಲ್ಲಿ 60 ಜನಕ್ಕೆ ಸಿಕ್ಕಿ, 100 ಹೆಂಗಸರಲ್ಲಿ 40 ಜನಕ್ಕೆ ಸಿಕ್ಕಿದರೆ ಅನುಪಾತ 40 ಭಾಗ 60, ಅಂದರೆ 0.67. ಅಮೆರಿಕದಲ್ಲಿ ಉದ್ಯೋಗದ ಆಯ್ಕೆಗೆ 1978ರಿಂದ ಐದರಲ್ಲಿ ನಾಲ್ಕು ಎಂಬ ಅಳತೆ ಉಂಟು. 0.8ಕ್ಕಿಂತ ಕೆಳಗಿದ್ದರೆ ಏನೋ ಎಡವಟ್ಟಾಗಿದೆ ಅಂತ ಅನುಮಾನ ಪಡಬೇಕು. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ, ಕೆಲಸಕ್ಕೆ ಜನ ಆರಿಸಲು ಮಾಡೆಲ್ ಬಳಸುವ ಕಂಪನಿಗಳು ಇಂಥ ಅನುಪಾತವನ್ನು ಹೊರಗಿನವರಿಂದ ಲೆಕ್ಕ ಹಾಕಿಸಿ ಪ್ರಕಟಿಸಬೇಕು. ನಮ್ಮಲ್ಲೂ ಇಷ್ಟಾದರೂ ಬರಬೇಕು ಎಂಬುದು ನನ್ನ ಹಟ. ಕೋಡ್ ತೋರಿಸಿ ಅಂತ ನಾನು ಕೇಳುತ್ತಿಲ್ಲ. ಎಣಿಕೆ ತೋರಿಸಲಿ, ಸಾಕು.

ಪ್ರತಿಕ್ರಿಯೆ (ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ):
1928ರಲ್ಲೇ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿದ ಊರು ಇದು. ದಿನಾ ಎರಡಾಣೆ ಕಟ್ಟುವ ಹೆಂಗಸನ್ನೂ ಪಿಗ್ಮಿ ಏಜೆಂಟರು ಹೆಸರು ಹಿಡಿದು ಕರೆಯುತ್ತಿದ್ದರು. ಆಗ ಈ ರಗಳೆ ಇರಲಿಲ್ಲ.

ಉತ್ತರ:
ಸರ್, ಬೇಜಾರು ಮಾಡಬೇಡಿ, ರಗಳೆ ಆಗಲೂ ಇತ್ತು. ಮುಖ ನೋಡಿ ವಾಪಸ್ ಕಳಿಸಿದ ಮ್ಯಾನೇಜರ್‌ಗಳ ಕಥೆ ನಮ್ಮ ಅಜ್ಜಿಯ ಹತ್ತಿರವೇ ಎರಡು ಮೂರು ಇದ್ದವು. ಆದರೆ ಅವರ ಕ್ಯಾಬಿನ್ ಬಾಗಿಲಲ್ಲಿ ನಿಂತು 'ಯಾಕೆ ಕೊಡುವುದಿಲ್ಲ?' ಅಂತ ಕೇಳಬಹುದಿತ್ತು. ಏಜೆಂಟರಿಗೆ ಮಳೆಗಾಲ ಅಂದರೇನು ಅಂತಲೂ ಗೊತ್ತಿತ್ತು. ಅದು ನಿಮ್ಮ ಮಾತಿನಲ್ಲಿರುವ ನಿಜ.

ಪ್ರಶ್ನೆ (ಮಲ್ಪೆಯಿಂದ ಮತ್ತೆ):
ಹಾಗಾದರೆ ನಾವು ಈಗ ಎಂತ ಮಾಡುವುದು?

ಉತ್ತರ:
ಮೊದಲು ಆ್ಯಪ್‌ನ ಹಿಂದೆ ಇರುವವರು ಯಾರು ನೋಡಿ. ಸಾಲ ಕೊಡುವುದು ಒಂದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಆ್ಯಪ್ ಎಷ್ಟೋ ಸಲ ಬರೀ ದಲ್ಲಾಳಿ. ಆ ಸಂಸ್ಥೆಗೆ ಬರೆದು ಕಾರಣ ಕೇಳಿ. ಕ್ರೆಡಿಟ್ ವರದಿ (ಹಳೆಯ ಸಾಲ, ಕಂತು ಕಟ್ಟಿದ ಲೆಕ್ಕ) ನೋಡಿ ತಿರಸ್ಕರಿಸಿದ್ದರೆ ಅವರು ಕಾರಣವನ್ನು ಲಿಖಿತವಾಗಿ ಕೊಡಬೇಕು, ವರದಿಯ ಪ್ರತಿಯನ್ನೂ ಕೊಡಬೇಕು. 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಇಲ್ಲಿ ಜನ ಎಡವುವ ಜಾಗ ಒಂದುಂಟು. 'ಸಾಲ ಕೊಡಲಿಲ್ಲ' ಅಂತ ಬರೆದರೆ, ಅದು ಸಂಸ್ಥೆಯ ವ್ಯವಹಾರದ ತೀರ್ಮಾನ ಅಂತ ದೂರು ವಾಪಸ್. 'ಕಾರಣ ತಿಳಿಸಲಿಲ್ಲ' ಅಂತ ಬರೆಯಿರಿ. ಜೊತೆಗೆ, ಈ ಕ್ರೆಡಿಟ್ ವರದಿ ತಯಾರಿಸುವ ಸಿಬಿಲ್‌ನಂಥ ನಾಲ್ಕು ಕಂಪನಿಗಳಿವೆ. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಅಮ್ಮನದ್ದು ತೆಗೆಸಿ ನೋಡಿ.

(ನಾಲ್ಕು ದಿನದ ಮೇಲೆ, ಮಲ್ಪೆಯಿಂದ):
ಮೇಡಂ, ವರದಿ ಬಂತು. ಮೂರು ವರ್ಷದ ಹಿಂದೆ ತೀರಿಸಿದ ಮೊಬೈಲ್ ಕಂತು ಇನ್ನೂ ಬಾಕಿ ಅಂತ ತೋರಿಸುತ್ತಿದೆ!

ಉತ್ತರ:
ರಸೀದಿ ಇಟ್ಟು, ವರದಿ ಕೊಟ್ಟ ಕಂಪನಿಗೆ ಇವತ್ತೇ ತಕರಾರು ಹಾಕಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅದು ಸರಿಯಾದರೂ 61 ದಿನದ ಖಾಲಿ ಹಾಗೇ ಇರುತ್ತದೆ. ಮುಂದಿನ ಸಲ ಬ್ಯಾಂಕಿಗೋ ಸೊಸೈಟಿಗೋ ಅಮ್ಮನೇ ಹೋಗಿ, ಮಳೆಗಾಲದ ಲೆಕ್ಕ ಬಾಯಲ್ಲಿ ಹೇಳಲಿ. ಅಂದ ಹಾಗೆ, ಕ್ಯೂಆರ್ ಯಾರ ಹೆಸರಲ್ಲಿದೆ?

(ಮಲ್ಪೆಯಿಂದ):
ನನ್ನ ಹೆಸರಲ್ಲೇ ಉಂಟು ಮೇಡಂ. ನಾಳೆಯೇ ಬದಲಿಸುತ್ತೇನೆ.