ಪಕ್ಕದ ಮನೆ ನಾಯಿ, ಮಾತು ಕೇಳದ ಮಾಲೀಕರು: ನೀವು ಏನು ಮಾಡಿದಿರಿ?

ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಪಕ್ಕದವರು ಒಂದು ದೊಡ್ಡ ನಾಯಿ ಸಾಕಿದ್ದಾರೆ. ಹಗಲೆಲ್ಲಾ ಮಾಳಿಗೆ ಮೇಲೆ ಕಟ್ಟಿ ಕೆಲಸಕ್ಕೆ ಹೋಗುತ್ತಾರೆ. ರಾತ್ರಿಯಿಡೀ ಅದು ಬೊಗಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಓಣಿಗೆ ಬಿಟ್ಟುಬಿಡುತ್ತಾರೆ, ಅದು ನೇರ ನಮ್ಮ ಬಾಗಿಲಿಗೆ ಬಂದು ಹೊಲಸು ಮಾಡುತ್ತದೆ. ನಮ್ಮ ಅತ್ತೆ ಆಗ ತಾನೇ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ. ಮಗಳು ಟ್ಯೂಷನ್‌ಗೆ ಒಬ್ಬಳೇ ಹೋಗೋಕೆ ಹೆದರುತ್ತಾಳೆ. ಹೇಳಿದರೆ “ಏನೂ ಮಾಡಲ್ಲ ಬಿಡ್ರಿ, ಆಟ ಆಡ್ತೈತಿ” ಅಂತಾರೆ. ದಿನಾ ಮುಖ ನೋಡಬೇಕಾದವರು, ಜಗಳ ಬೇಡ. ಅನುಭವ ಇದ್ದವರು ದಯವಿಟ್ಟು ಹೇಳಿ.

ರಾಯಚೂರಿನಿಂದ:

ಅಕ್ಕಾ, ನಮ್ಮ ಓಣಿಯಲ್ಲೂ ಇದೇ ಆಗಿತ್ತು. ಮೊದಲು ಒಂದು ಮಾತು. ರಂಗೋಲಿ ಕೆಟ್ಟ ಸಿಟ್ಟಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅವರ ಬಾಗಿಲಿಗೆ ಹೋಗಬೇಡಿ. ಆ ಹೊತ್ತಿಗೆ ಅವರಿಗೂ ಅವಸರ, ನಿಮಗೂ ತಲೆ ಬಿಸಿ. ಸಂಜೆ ಅವರು ಕೆಲಸದಿಂದ ಬಂದು ಚಹಾ ಕುಡಿದ ಮೇಲೆ ಹೋಗಿ, ಓಣಿಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. “ನಿಮ್ಮ ನಾಯಿ ಕಾಟ ಜಾಸ್ತಿ ಆಗಿದೆ” ಅಂದರೆ ಏನೂ ಆಗಲ್ಲ, ಅವರು ನಾಯಿ ಪರ ನಿಲ್ಲುತ್ತಾರೆ ಅಷ್ಟೇ. ಒಂದೇ ಒಂದು ಕೆಲಸ ಕೇಳಿ: ಬೆಳಿಗ್ಗೆ ಹಗ್ಗ ಹಾಕಿ ಹಿಡಿದುಕೊಂಡು ಬನ್ನಿ ಅಂತ. ಅದು ಸರಿಹೋದರೆ ಬಾಗಿಲ ಮುಂದಿನ ಹೊಲಸು, ಮಗಳ ಹೆದರಿಕೆ ಎರಡೂ ಅರ್ಧ ಕಡಿಮೆ ಆಗುತ್ತೆ.

ಬೊಗಳೋ ವಿಷಯ ಬೇರೆ. ಬೇಸಿಗೆಯಲ್ಲಿ ನಾವೂ ಮಾಳಿಗೆ ಮೇಲೆಯೇ ಮಲಗುವವರು, ಹಾಗಾಗಿ ಆ ನಾಯಿಯನ್ನು ಹತ್ತಿರದಿಂದ ನೋಡಿದ್ದೆ. ಸರಪಳಿ ಎಷ್ಟು ಗಿಡ್ಡ ಅಂದರೆ ನೀರಿನ ಟ್ಯಾಂಕಿನ ನೆರಳು ಆ ಕಡೆ ಸರಿದರೆ ನಾಯಿ ಅದರ ಜೊತೆ ಸರಿಯೋಕೆ ಆಗುತ್ತಿರಲಿಲ್ಲ. ಸ್ಟೀಲ್ ಬೋಗುಣಿಯಲ್ಲಿ ಹನಿ ನೀರಿಲ್ಲ, ತಳದಲ್ಲಿ ಹಿಂದಿನ ದಿನದ ಅನ್ನ ಒಣಗಿ ಹಪ್ಪಳದ ಹಾಗೆ ಅಂಟಿಕೊಂಡಿತ್ತು. ನಮ್ಮ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುತ್ತೆ, ಬರಿಗಾಲಲ್ಲಿ ಮಾಳಿಗೆ ಮೇಲೆ ನಿಲ್ಲೋಕೆ ಆಗಲ್ಲ. ನಾಯಿಗೆ ನಮ್ಮ ಹಾಗೆ ಮೈ ಬೆವರಲ್ಲ, ತೇಕಿ ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಹಗಲೆಲ್ಲಾ ಸುಸ್ತಾಗಿ ಬಿದ್ದಿರುತ್ತೆ, ತಂಪಾದ ಮೇಲೆ ಎಚ್ಚರ ಆಗಿ ಒಂಟಿಯಾಗಿ ಹೋಗೋ ಬರೋ ಗಾಡಿಗೆಲ್ಲಾ ಬೊಗಳುತ್ತೆ. ತಪ್ಪು ಅದರದಲ್ಲ ಅಲ್ವಾ?

ನಾಯಿಯನ್ನು ಯಾವಾಗಲೂ ಕಟ್ಟಿಹಾಕಿ ಓಡಾಡಿಸದೇ ಇರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದರೆ ನಾವು ಕಾಯ್ದೆ ತೆಗೆಯಲಿಲ್ಲ. ನಮ್ಮ ಓಣಿಯ ರಿಟೈರ್ಡ್ ಮೇಷ್ಟ್ರು, ಎಲ್ಲರೂ ಕಾಕಾ ಅಂತ ಕರೆಯೋರು, ಆ ಮನೆ ಹುಡುಗನಿಗೆ “ತಮ್ಮಾ, ಅದಕ್ಕೂ ಜೀವ ಅದ. ಕೆಳಗ ಮೆಟ್ಟಿಲ ಬಲ್ಲಿ ಕಟ್ಟು, ಎರಡು ಹೊತ್ತು ತಿರುಗಾಡಿಸು” ಅಂದರು. ನಮ್ಮ ನಿದ್ದೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹುಡುಗ ಕೇಳಿದ. ಈಗಲೂ ಬೊಗಳುತ್ತೆ, ಆದರೆ ಯಾರಾದರೂ ಗೇಟಿಗೆ ಬಂದಾಗ ಮಾತ್ರ.

ಗಂಗಾವತಿಯಿಂದ:

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲರೂ ಆ ಹುಡುಗನ ಹಾಗೆ ಇರಲ್ಲ. ನಮ್ಮ ಅಕ್ಕನ ಮಗನಿಗೆ ಇಂಥದೇ “ಏನೂ ಮಾಡಲ್ಲ” ಅನ್ನೋ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಮಾಲೀಕರು ಗೇಟಿನಲ್ಲೇ ನಿಂತು “ಇಂಜೆಕ್ಷನ್ ಹಾಕ್ಸೀವಿ, ಹೆದರಬ್ಯಾಡ್ರಿ” ಅಂದರು. ಕಾರ್ಡ್ ತೋರಿಸಿ ಅಂದರೆ ಅದರಲ್ಲಿ ಮರಿ ಇದ್ದಾಗ ಹಾಕಿಸಿದ್ದೊಂದೇ ಇತ್ತು. ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಶುರು ಮಾಡಿ ವರ್ಷ ವರ್ಷ ಹಾಕಿಸಬೇಕು. ಆದ್ದರಿಂದ ಈಗಲೇ, ಏನೂ ಆಗುವ ಮುಂಚೆಯೇ, ಆ ಕಾರ್ಡ್ ಒಮ್ಮೆ ನೋಡಲು ಕೇಳಿ.

ದೇವರು ಮಾಡಿ ಹಾಗಾಗದಿರಲಿ, ಆದರೂ ಹೇಳುತ್ತೇನೆ. ಕಚ್ಚಿದರೆ ಅಥವಾ ಪರಚಿದರೆ ಮೊದಲು ನಲ್ಲಿ ನೀರು ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿಣ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ನಮ್ಮ ಅವ್ವ ಖಾರದ ಪುಡಿ ಡಬ್ಬಿ ತಂದೇಬಿಟ್ಟಿದ್ದಳು, ತಡೆದೆವು. ಆಮೇಲೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವುದಾದರೆ ಮೊದಲ ದಿನ, ನಂತರ 3, 7, 28ನೇ ದಿನ ಲಸಿಕೆ. ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಇರುತ್ತದೆ. ಗಾಯ ಆಳ ಇದ್ದರೆ ಗಾಯದ ಸುತ್ತಲೂ ಬೇರೆ ಇಂಜೆಕ್ಷನ್ ಕೊಡುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ನಾಯಿ ಚೆನ್ನಾಗಿದೆಯಲ್ಲ, ನೋಡೋಣ ಅಂತ ಕಾಯಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಡಾಕ್ಟರ್ ಕೈಯಲ್ಲೂ ಏನೂ ಇರಲ್ಲ.

ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗಬಹುದು ಅಂತ ಗೊತ್ತಿದ್ದೂ ಸುಮ್ಮನಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾವು ದೂರು ಬರೆದುಕೊಟ್ಟ ಮೇಲೆಯೇ ಅವರ ನಾಯಿಗೆ ಹಗ್ಗ ಬಂತು. ಜಗಳ ಬೇಡ ಅಂತೀರಿ, ಅರ್ಥ ಆಗುತ್ತೆ. ಆದರೆ ಮಗು ಹೆದರಿಕೊಂಡು ಓಡಾಡುವುದಕ್ಕಿಂತ ಅವರು ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ.

ಕೊಪ್ಪಳದಿಂದ:

ನಮ್ಮದು ಓಣಿಯ ಸಮಸ್ಯೆ ಅಲ್ಲ, ಮನೆಯೊಳಗಿನದು. ನಮ್ಮ ಮನೆಯವರ ತಮ್ಮ ಹಬ್ಬಕ್ಕೆ ಬಂದರೆ ನಾಯಿಯನ್ನೂ ಕರೆದುಕೊಂಡೇ ಬರುತ್ತಾನೆ. ಅದು ಸೀದಾ ಅಡುಗೆ ಮನೆಗೆ ನುಗ್ಗುತ್ತೆ. ಒಂದು ಸಲ ಹೋಳಿಗೆಗೆ ಅಂತ ಉಂಡೆ ಕಟ್ಟಿ ಪರಾತದಲ್ಲಿಟ್ಟ ಹೂರಣಕ್ಕೆ ಮೂತಿ ಇಟ್ಟಿತು. ಅತ್ತೆಮ್ಮ ಬೆಳಗಿನಿಂದ ಮಡಿಯಲ್ಲಿ ಮಾಡಿದ್ದು. ಅವರು ಏನೂ ಅನ್ನಲಿಲ್ಲ, ಎದ್ದು ಹಿತ್ತಲಿಗೆ ಹೋದರು. ಮೈದುನ ನಗುತ್ತಾ “ಅದೂ ಮನೀ ಮಗನ ಅತ್ತಿಗಿ” ಅಂದ. ನನಗೆ ಬಹಳ ಬೇಜಾರಾಯಿತು.

ಮುಂದಿನ ಹಬ್ಬಕ್ಕೆ ನಾನೇ ಮೊದಲು ಫೋನ್ ಮಾಡಿ ಹೇಳಿದೆ. ನಾಯಿ ಬರಲಿ, ಆದರೆ ಪಡಸಾಲೆ ದಾಟಬಾರದು, ಹೊರಗೆ ಬೇವಿನ ಗಿಡದ ನೆರಳಲ್ಲಿ ಚಾಪೆ, ನೀರು ಇಟ್ಟಿರುತ್ತೇನೆ ಅಂತ. ಬಂದು ಕುಳಿತ ಮೇಲೆ ಹೇಳಿದರೆ ಅವಮಾನ ಮಾಡಿದಂಗೆ ಆಗುತ್ತೆ, ಮುಂಚೆ ಹೇಳಿದರೆ ಆಗಲ್ಲ. ಮೈದುನ ಸ್ವಲ್ಪ ಮುಖ ಸಣ್ಣ ಮಾಡಿದ, ಆದರೂ ಹಾಗೇ ನಡೆದುಕೊಂಡ.

ಬಳ್ಳಾರಿಯಿಂದಲೇ, ನಾಯಿ ಸಾಕಿದವಳು:

ನನಗೆ ಇಂಥ ಮಾಲೀಕರ ಮೇಲೆ ನಿಮಗಿಂತ ಜಾಸ್ತಿ ಸಿಟ್ಟು. ಅವರು ಹಾಗೆ ಮಾಡೋದರಿಂದಲೇ ನಾನು ಹಗ್ಗ ಹಿಡಿದು ಹೋದರೂ ಜನ ಗುರ್ ಅಂತಾರೆ. ಹೊಲಸು ಎತ್ತೋಕೆ ದುಡ್ಡೇನೂ ಬೇಡ, ಹಳೇ ಪೇಪರ್ ಸಾಕು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ನೋಡಿ. ನಾಯಿ ಸಾಕಬೇಡಿ ಅಂತ ನಿವಾಸಿಗಳ ಸಂಘ ನಿಷೇಧ ಹಾಕುವಂತಿಲ್ಲ ಅಂತ ಅದರಲ್ಲಿದೆ. ಹೊರಗೆ ಹಗ್ಗ ಹಿಡಿಯಿರಿ, ಹೊಲಸು ಎತ್ತಿ ಅಂತ ಸಾಕಿದವರಿಗೂ ಅದೇ ಹೇಳುತ್ತೆ. ಪ್ರಿಂಟ್ ತೆಗೆದು ಅವರ ಕೈಗೆ ಕೊಡಿ.

ಮಗಳಿಗೆ ಹೇಳಿಕೊಡಿ: ನಾಯಿ ಹತ್ತಿರ ಬಂದರೆ ಓಡಬಾರದು, ಕಿರುಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಮೈಗೆ ಹಚ್ಚಿ ಸುಮ್ನೆ ನಿಲ್ಲಬೇಕು, ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರಿಯಬೇಕು. ಓಡಿದರೆ ಸುಮ್ಮನಿದ್ದ ನಾಯಿಯೂ ಬೆನ್ನು ಹತ್ತುತ್ತೆ. ಕಲ್ಲು ಎಸೆಯೋದು, ವಿಷ ಹಾಕೋದು ಇಂಥ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ವಿಷ ಹಾಕಿದರೆ ಐದು ವರ್ಷದವರೆಗೆ ಜೈಲಾಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಮೂಕ ಪ್ರಾಣಿ ಏನು ಪಾಪ ಮಾಡಿದೆ?

ಬಾಡಿಗೆ ಮನೆ ಅಂದಿರಿ. ನಿಮ್ಮ ಮನೆ ಮಾಲೀಕರಿಗೆ ಇವತ್ತೇ ವಿಷಯ ತಿಳಿಸಿ. ನಾಳೆ ಪಾಲಿಕೆಗೆ ಅರ್ಜಿ ಕೊಡುವ ಪರಿಸ್ಥಿತಿ ಬಂದರೆ ಅವರ ಸಹಿಯೂ, ಓಣಿಯ ಇನ್ನೂ ಒಂದಿಬ್ಬರ ಸಹಿಯೂ ಇರಲಿ, ಅರ್ಜಿ ತೆಗೆದುಕೊಂಡಿದ್ದಕ್ಕೆ ಸೀಲ್ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.